ಯಾರೂ ಒರೆಸದ ಕಣ್ಣು

ಗಂಡಸಿ ಎಂಬ ಊರಿನ ಕರಿಯಪ್ಪ ಪ್ರತಿ ವರ್ಷ ಹಿರಿಯರಿಗೆ ಎಡೆ ಇಡುವ ದಿನ ಒಂದು ಮೊಳೆಗೆ ಹಾರ ಹಾಕುತ್ತಿದ್ದ. ನಡುಮನೆಯ ಗೋಡೆಯ ಮೇಲೆ ತಾತನದೊಂದು ಮಾಸಿದ ಫೋಟೋ, ಅದರ ಪಕ್ಕ ಅಪ್ಪನ ಫೋಟೋ, ಅಪ್ಪನ ಪಕ್ಕ ಅವ್ವ ದ್ಯಾವಮ್ಮನಿಗೆಂದು ಹೊಡೆದ ಬರೀ ಮೊಳೆ. ಅವ್ವ ಸತ್ತಾಗ ಕರಿಯಪ್ಪನಿಗೆ ಐದೋ ಆರೋ ವರ್ಷ. ಅವಳು ಬದುಕಿದ್ದಾಗ ಒಂದು ಫೋಟೋ ತೆಗೆಸಬೇಕೆಂದು ಯಾರ ತಲೆಗೂ ಹೊಳೆದಿರಲಿಲ್ಲ. ಆಗಿನ ಕಾಲದಲ್ಲಿ ಹೆಂಗಸರ ಫೋಟೋ ತೆಗೆಸುವಷ್ಟು ಪುರುಸೊತ್ತು ಯಾವ ಗಂಡಸಿಗಿತ್ತು ಹೇಳಿ.

ಹಾರ ಹಾಕುವುದು ಅಭ್ಯಾಸವಾಗಿಹೋಗಿತ್ತು, ಅದರಲ್ಲಿ ವಿಚಿತ್ರವೇನೂ ಮನೆಯವರಿಗೆ ಕಾಣುತ್ತಿರಲಿಲ್ಲ. ಹೋದ ವರ್ಷ ಮೊಮ್ಮಗಳಿಗೆ ಮಾತು ಚೆನ್ನಾಗಿ ಬಂದಿತ್ತು. "ತಾತಾ, ಮೊಳೆಗೆ ಯಾಕೆ ಹಾರ ಹಾಕ್ತೀಯಾ? ಮೊಳೆ ಸತ್ತೋಗಿದ್ಯಾ?" ಎಂದು ನೆಂಟರ ನಡುವೆ ಕೇಳಿಬಿಟ್ಟಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕರಿಯಪ್ಪನೂ ನಕ್ಕ. ನಗುತ್ತಲೇ ಹಿತ್ತಲಿಗೆ ಹೋದವನು ಊಟಕ್ಕೆ ಕರೆದರೂ ಒಳಗೆ ಬರಲಿಲ್ಲ.

ಅವನಿಗೆ ಅವ್ವನ ಮುಖ ನೆನಪಿರಲಿಲ್ಲ. ಇದು ಅವನು ಹೆಂಡತಿಯ ಹತ್ತಿರವೂ ಬಾಯಿ ಬಿಟ್ಟು ಹೇಳದ ಮಾತು. ಅರವತ್ತು ದಾಟಿದ ಗಂಡಸು, ತೆಂಗಿನ ತೋಟದ ಯಜಮಾನ, ನನಗೆ ನನ್ನ ಹೆತ್ತವಳ ಮುಖ ಗೊತ್ತಿಲ್ಲ ಅಂತ ಯಾರ ಮುಂದೆ ಹೇಳಿಕೊಳ್ಳುತ್ತಾನೆ? ಅವ್ವನನ್ನು ಕಂಡಿದ್ದ ಮುದುಕಿಯರು ಒಬ್ಬೊಬ್ಬರೇ ಹೋಗಿಬಿಟ್ಟಿದ್ದರು. ಉಳಿದ ಒಬ್ಬ ಸೋದರತ್ತೆ ಬೆಳಿಗ್ಗೆ ಕೇಳಿದರೆ "ಕೆಂಪಗೆ ಕುಳ್ಳಗಿದ್ಳು" ಅನ್ನುವಳು, ಸಂಜೆ ಕೇಳಿದರೆ "ಕಪ್ಪಗೆ ಉದ್ದಕ್ಕಿದ್ಳು" ಅನ್ನುವಳು. ಮೊದಲೇ ಕೂತಲ್ಲಿ ಕೂರದ ಜೀವ ಕರಿಯಪ್ಪನದು. ಮೊಮ್ಮಗಳು ಹಾಗೆ ಕೇಳಿದ ದಿನದಿಂದ ಅವನ ಕಾಲಿಗೆ ಚಕ್ರವೇ ಕಟ್ಟಿದಂತಾಯಿತು. ತೋಟಕ್ಕೆ ಹೋದರೆ ಮನೆಗೆ ಬರಬೇಕು ಅನ್ನಿಸುತ್ತಿತ್ತು, ಮನೆಗೆ ಬಂದರೆ ಮೊಳೆ ಕಾಣುತ್ತಿತ್ತು.

ಮಗ ಮಧುಕುಮಾರ್ ಅರಸೀಕೆರೆಯ ಟ್ರ್ಯಾಕ್ಟರ್ ಷೋರೂಮಿನಲ್ಲಿ ಕೆಲಸಕ್ಕಿದ್ದ. "ಇದಕ್ಯಾಕಪ್ಪ ಇಷ್ಟು ತಲೆ ಕೆಡಿಸ್ಕೋತೀಯಾ? ಈಗ ಮೊಬೈಲಲ್ಲೇ ಎಲ್ಲಾ ಆಗುತ್ತೆ" ಎಂದು ಅಪ್ಪನ ಮುಖವನ್ನೇ ಫೋಟೋ ಹೊಡೆದು, ಅದೇನೋ ಒತ್ತಿ, ಒಂದು ಹೆಂಗಸನ್ನು ಮಾಡಿ ತೋರಿಸಿದ.

ಕರಿಯಪ್ಪ ಮೊಬೈಲನ್ನು ಕಣ್ಣ ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿದು ನೋಡಿದ. "ಮೀಸೆ ಬೋಳಿಸಿ ಸೀರೆ ಉಟ್ಕಂಡಿರೋ ನಾನೇ ಅಲ್ವೇನ್ಲಾ ಇದು?"

ಇನ್ನೊಂದು ಸಲ ಒತ್ತಿದಾಗ ಟೀವಿ ಧಾರಾವಾಹಿಯ ಸೊಸೆಯಂಥವಳು ಬಂದಳು. ಅವಳ ಹುಬ್ಬು ನೋಡಿಯೇ ಕರಿಯಪ್ಪ ಮೊಬೈಲು ವಾಪಸ್ಸು ಕೊಟ್ಟ.

ಹಳೇಬೀಡಿನ ದೇವೀರಪ್ಪನ ಹೆಸರು ಹೇಳಿದ್ದು ಅರಸೀಕೆರೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವವನು. ಫೋಟೋ ಇಲ್ಲದೆ ಸತ್ತವರ ಚಿತ್ರ ಬರೆಯುವುದು ಆ ಮನುಷ್ಯನ ಕಸುಬಂತೆ. ಮನೆಯವರ ಬಾಯಿಂದ ಕೇಳಿಕೊಂಡೇ ಬರೆಯುತ್ತಾನಂತೆ. ಕರಿಯಪ್ಪ ಮನೆಗೂ ಹೇಳದೆ, ಅಲ್ಲಿಂದಲೇ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದ.

ಹಳೇಬೀಡಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಕಿರಿದಾದ ಅಂಗಡಿ. ಗುಡಿ ನೋಡಲು ಬಂದವರು ಕೊಳ್ಳುವಂಥ ಚಿತ್ರ ಒಂದೂ ಅಲ್ಲಿರಲಿಲ್ಲ. ಬಣ್ಣದ ಡಬ್ಬಿಗಳು, ಕುಂಚಗಳು, ಗೋಡೆಗೆ ಒರಗಿಸಿದ ಖಾಲಿ ಹಲಗೆಗಳು, ನಡುವೆ ಎಪ್ಪತ್ತರ ಆಸುಪಾಸಿನ ಒಬ್ಬ ತೆಳ್ಳನೆಯ ಮನುಷ್ಯ. ದೇವೀರಪ್ಪ ಕಾಗದವನ್ನು ಮುಟ್ಟಲಿಲ್ಲ. ಶಾಲೆಯ ಕರಿ ಸ್ಲೇಟು, ಬಳಪ, ಒಂದು ಬಟ್ಟಲು ನೀರು ತಂದು ಕರಿಯಪ್ಪನ ಮುಂದಿಟ್ಟ.

"ನಾನು ಬರೀತಾ ಹೋಗ್ತೀನಿ. ಅವ್ವಂದಲ್ಲ ಅನ್ಸಿದ್ದನ್ನ ಬಾಯಲ್ಲಿ ಹೇಳ್ಬೇಡಿ, ಬೆರಳು ಅದ್ದಿ ನೀವೇ ಒರೆಸ್ಬೇಕು. ಒರೆಸೋಕೆ ನಿಮ್ಮ ಕೈ ಬರದೆ ಇದ್ದ ದಿನ ಹಲಗೆ ಮೇಲೆ ಬಣ್ಣದಲ್ಲಿ ಬರೀತೀನಿ. ಸರಿ, ಹೇಳಿ, ಮುಖ ಹೆಂಗಿತ್ತು?"

"ಅದು ಗೊತ್ತಿದ್ದಿದ್ರೆ ನಿಮ್ತಾವ ಯಾಕ್ ಬತ್ತಿದ್ದೆ?"

"ಮತ್ತೇನು ನೆನಪೈತೆ?"

ಕರಿಯಪ್ಪ ತಲೆ ಕೆರೆದುಕೊಂಡ. ಎದ್ದು ಬಾಗಿಲ ತನಕ ಹೋಗಿ ಬಂದ. "ಉಣ್ತಿದ್ದದ್ದು ನೆನಪೈತೆ. ಒಲೆ ಮುಂದೆ ಕುಂತ್ಕಂಡು ಉಣ್ಣೋಳು. ಮುದ್ದೆ ಮುರ್ದು, ಹುಚ್ಚೆಳ್ಳು ಚಟ್ನಿಗೆ ಅದ್ದಿ, ಗುಳುಂ ಅನ್ಸೋಳು. ಕೊನೇಗೆ ಬೆರಳು ನೆಕ್ಕೋಳು, ಒಂದೊಂದೇ ಬೆರಳು. ನಾನು ಪಕ್ಕದಲ್ಲೇ ಕುಂತಿರ್ತಿದ್ದೆ."

ಬಳಪ ಸ್ಲೇಟಿನ ಮೇಲೆ ನಿಂತುಬಿಟ್ಟಿತು. "ಉಣ್ಣೋದ್ನ ನೀವು ನೋಡಿದ್ದೀರಾ?"

"ನೋಡ್ದೆ ಏನು?"

"ಮೆಲ್ಲಗೆ ಉಣ್ತಿದ್ರಾ, ಬಿರಬಿರನೆ ಉಣ್ತಿದ್ರಾ? ಎರಡನೇ ಸಲ ಬಡಿಸ್ಕಳೋರಾ?"

"ಅಯ್ಯೋ ಸ್ವಾಮಿ, ಅದೆಲ್ಲ ಕಟ್ಕಂಡು ನಿಮಗೇನು? ಮುಖ ಬರೀರಿ" ಎಂದು ಕರಿಯಪ್ಪ ಸಿಡುಕಿದ. ದೇವೀರಪ್ಪನ ಬಳಪ ಮತ್ತೆ ಓಡತೊಡಗಿತು.

ಶ್ರಾವಣವೆಲ್ಲ ಕರಿಯಪ್ಪ ಹಳೇಬೀಡಿಗೆ ಓಡಾಡಿದ. ಮೂಗು ಒರೆಸಿದ, ಗಲ್ಲ ಒರೆಸಿದ, ಬೈತಲೆ ಒರೆಸಿದ, ಕಿವಿಯನ್ನು ಒರೆಸಿ ಮತ್ತೆ ಬರೆಸಿ ಮತ್ತೆ ಒರೆಸಿದ. ಗುರುತೇ ಇಲ್ಲದ ಮುಖದಲ್ಲಿ ಇದು ತಪ್ಪು ಅದು ತಪ್ಪು ಎಂದು ಬೆರಳಿಗೆ ಹೇಗೆ ತಿಳಿಯುತ್ತಿತ್ತೋ, ಅದು ಅವನಿಗೂ ಸೋಜಿಗ. ಕಣ್ಣುಗಳ ಮೇಲೆ ಮಾತ್ರ ಅವನು ಒಮ್ಮೆಯೂ ಬೆರಳಿಡಲಿಲ್ಲ. ಹಾಗೆ ಇಡಲಿಲ್ಲ ಎಂಬುದೂ ಅವನ ಗಮನಕ್ಕೆ ಬಂದಿರಲಿಲ್ಲ.

ಒಂದು ಮಧ್ಯಾಹ್ನ, ಬಸ್ಸಿಗೆ ಹೊತ್ತಾಯಿತೆಂದು ಚಡಪಡಿಸುತ್ತಲೇ ಸ್ಲೇಟಿನ ಕಡೆ ತಿರುಗಿದವನ ಬೆರಳು ನೀರಿನ ಬಟ್ಟಲಲ್ಲೇ ಉಳಿಯಿತು. "ಅವ್ವ" ಎಂದ, ಅಷ್ಟೇ. ಆಮೇಲೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಚಿಕ್ಕ ಮಕ್ಕಳ ಹಾಗೆ ಅತ್ತ. ಅಳು ಮುಗಿದ ಮೇಲೆ ನಾಚಿಕೆಯಾಗಿ, ಮಾತು ಬದಲಿಸಲೆಂದು ಕೇಳಿದ: "ಅಲ್ಲ ಕಣ್ರೀ, ಇಷ್ಟು ವಯಸ್ಸಾಗೈತೆ, ಕಂಡೋರ ಅವ್ವ-ಅಜ್ಜೀರ್ನ ಯಾಕ್ರೀ ಹಿಂಗೆ ಕುಂತ್ಕಂಡು ಬರೀತೀರಿ?"

"ಕೈ ಸುಮ್ಕಿರಲ್ಲ" ಎಂದ ದೇವೀರಪ್ಪ, ಬಟ್ಟಲಿನ ನೀರನ್ನು ಓಣಿಗೆ ಚೆಲ್ಲುತ್ತ.

ಭಾದ್ರಪದದಲ್ಲಿ ಚಿತ್ರ ಗಂಡಸಿಯ ಮನೆಗೆ ಬಂದು ಮೊಳೆಯ ಮೇಲೆ ಕೂತಿತು. ಕಡು ಹಸಿರು ಸೀರೆ, ಹಣೆಯಲ್ಲಿ ಕಾಸಗಲ ಕುಂಕುಮ. ಕರಿಯಪ್ಪನ ಹೆಂಡತಿ ವೆಂಕಟಲಕ್ಷ್ಮಮ್ಮ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದಳು. "ನಾವು ಸರಿಯಾಗಿ ಉಣ್ತೀವೋ ಇಲ್ವೋ ಅಂತ ನೋಡ್ತಾ ಕುಂತಂಗವ್ರಲ್ಲಾ ಅತ್ತೆ" ಎಂದಳು. ಅವತ್ತು ಕರಿಯಪ್ಪ ಅರ್ಧ ಮುದ್ದೆ ಹೆಚ್ಚಿಗೆ ಉಂಡ. ಊಟ ಮಾಡಿ ಗೋಡೆಗೊರಗಿ ಕೂತವನು ಅಲ್ಲೇ ನಿದ್ದೆ ಹೋದ. ಅವನು ಹಾಗೆ ಒಂದೇ ಕಡೆ ಕೂತಿದ್ದನ್ನು ಕಂಡು ವೆಂಕಟಲಕ್ಷ್ಮಮ್ಮ ಹುಷಾರಿಲ್ಲವೇನೋ ಎಂದು ಹಣೆ ಮುಟ್ಟಿ ನೋಡಿದಳು.

ಆ ನೆಮ್ಮದಿ ಎಡೆ ಇಡುವ ಮಹಾಲಯ ಅಮಾವಾಸ್ಯೆಯ ಹಿಂದಿನ ಭಾನುವಾರದವರೆಗೆ ಬಾಳಿತು.

ಜಾವಗಲ್ಲಿನ ಉಮೇಶ್ ಎಂಬ ತೆಂಗಿನಕಾಯಿ ವ್ಯಾಪಾರಿ ಕರಿಯಪ್ಪನಿಗೆ ಹೊಸ ಪರಿಚಯ. ಅವರ ಮನೆಯಲ್ಲಿ ಪಕ್ಷದ ಭಾನುವಾರವೇ ಎಡೆ. "ಊಟಕ್ಕೆ ಬರ್ಲೇಬೇಕು" ಎಂದು ಒತ್ತಾಯ ಮಾಡಿ ಕರೆದಿದ್ದ. ಕರಿಯಪ್ಪ ಹೋದ. ನಡುಮನೆಯಲ್ಲಿ ಸಾಲಾಗಿ ಎಲೆ ಹಾಕಿದ್ದರು. ಮೊದಲ ತುತ್ತು ಬಾಯಿಗಿಟ್ಟು ತಲೆಯೆತ್ತಿದರೆ, ಎದುರು ಗೋಡೆಯ ಮೇಲಿಂದ ಅವನ ಅವ್ವ ಅವನನ್ನೇ ನೋಡುತ್ತಿದ್ದಳು.

ಮೂಗು ಬೇರೆ. ಬಣ್ಣ ಬೇರೆ. ಮುಖ ಇನ್ನೂ ಮುದಿಯಾಗಿತ್ತು, ಕಿವಿಯಲ್ಲಿ ಓಲೆ ಇತ್ತು. ಕಣ್ಣು ಮಾತ್ರ ಅವೇ. ಅವನು ಎಡಕ್ಕೆ ಬಾಗಿ ನೋಡಿದ, ಬಲಕ್ಕೆ ಬಾಗಿ ನೋಡಿದ. ಅವೇ ಕಣ್ಣು.

"ಉಮೇಶಪ್ಪ, ಅದ್ಯಾರು?"

"ನಮ್ಮಜ್ಜಿ ಕಣ್ರೀ. ಫೋಟೋ ಇರ್ಲಿಲ್ಲ. ಹಳೇಬೀಡಲ್ಲಿ ಒಬ್ರು ಬರ್ದುಕೊಟ್ರು. ನಮ್ಮಪ್ಪ ಅದ್ನ ನೋಡಿ ಗಳಗಳಾಂತ ಅತ್ಬಿಟ್ರು, ಥೇಟ್ ನಮ್ಮವ್ವನೇ ಅಂತ."

"ಅದು ನಿಮ್ಮಜ್ಜಿ ಅಲ್ಲ."

"ಅಂದ್ರೆ?"

"ಆ ಕಣ್ಣು ನಮ್ಮವ್ವಂದು!"

ಸಾಲಿನಲ್ಲಿ ಕೂತವರ ಕೈ ಎಲ್ಲ ಎಲೆಯ ಮೇಲೇ ನಿಂತಿತು. ಉಮೇಶನಿಗೆ ಮೊದಲು ನಗು ಬಂತು, ಆಮೇಲೆ ಕೋಪ ಬಂತು. "ನಮ್ಮನೆ ಎಡೇಲಿ ಕುಂತ್ಕಂಡು ನಮ್ಮಜ್ಜಿ ಕಣ್ಣು ನಿಮ್ಮವ್ವಂದು ಅಂತೀರಲ್ಲಾ, ತಲೆ ನೆಟ್ಟಗೈತೇನ್ರೀ?" ಎಂದ. ಹಿರಿಯರ ಎಡೆಯೂಟವನ್ನು ಅರ್ಧಕ್ಕೆ ಬಿಟ್ಟು ಏಳುವುದು ಆ ಮನೆಗೆ ಮಾಡುವ ಅವಮಾನ. ಅದು ಗೊತ್ತಿದ್ದೂ ಕರಿಯಪ್ಪ ಎದ್ದ. ಕೈ ತೊಳೆದನೋ ಇಲ್ಲವೋ, ಬಸ್ಸಿನಲ್ಲಿ ಕೂತ ಮೇಲೆ ಬೆರಳಲ್ಲಿ ಸಾರಿನ ವಾಸನೆ ಬರುತ್ತಿತ್ತು.

ಮಾರನೆಯ ಬೆಳಿಗ್ಗೆ ಚಿತ್ರವನ್ನು ಮೊಳೆಯಿಂದ ಇಳಿಸಿ, ಹಳೆಯ ದುಪ್ಪಟಿಯಲ್ಲಿ ಸುತ್ತಿ, ಕಂಕುಳಲ್ಲಿ ಇರುಕಿಕೊಂಡು ಹೊರಟ. ವೆಂಕಟಲಕ್ಷ್ಮಮ್ಮ "ಅಮಾಸೆ ನಾಡಿದ್ದು ಕಣ್ರೀ, ಎಲ್ಲಿಗೆ?" ಎನ್ನುವಷ್ಟರಲ್ಲಿ ಬೀದಿ ದಾಟಿದ್ದ. ದಾರಿಯುದ್ದಕ್ಕೂ ಬಯ್ಯಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡ. ತನ್ನನ್ನು ಅಳುವಂತೆ ಮಾಡಿ ಮೋಸ ಮಾಡಿದ. ಒಂದೇ ಅಚ್ಚಿನಲ್ಲಿ ಊರಿಗೆಲ್ಲ ಅವ್ವಂದಿರನ್ನು ಹೊಯ್ದುಕೊಟ್ಟ. ಅದಕ್ಕಿಂತ ಉರಿಯುತ್ತಿದ್ದುದು ಬೇರೊಂದು. ಇವಳು ಅವ್ವ ಅಲ್ಲದಿದ್ದರೆ ತಾನು ಅವ್ವ ಎಂದು ಅತ್ತದ್ದು ಯಾರ ಮುಂದೆ? ತನ್ನ ಅವ್ವ ಮತ್ತೆ ಮೊಳೆಯಾಗಿಬಿಟ್ಟಳಲ್ಲ.

ಅಂಗಡಿಗೆ ಹೋದವನೇ ದುಪ್ಪಟಿ ಕಿತ್ತೆಸೆದು ಚಿತ್ರವನ್ನು ದೇವೀರಪ್ಪನ ಎದುರಿಗಿಟ್ಟ. ಜೋಡಿಸಿಕೊಂಡು ಬಂದ ಬೈಗುಳಗಳಲ್ಲಿ ಒಂದೂ ನೆನಪಾಗಲಿಲ್ಲ. "ಜಾವಗಲ್ಲಿಗೆ ಹೋಗಿದ್ದೆ" ಎಂದ.

ದೇವೀರಪ್ಪನಿಗೆ ಅಷ್ಟೇ ಸಾಕಾಯಿತು. ಅವನು ಕೈಯಲ್ಲಿದ್ದ ಕುಂಚವನ್ನು ಕೆಳಗಿಟ್ಟು, "ತಪ್ಪಾಯ್ತು. ಬೇರೆ ಕಣ್ಣು ಬರ್ದುಕೊಡ್ತೀನಿ, ಕುಂತ್ಕಳಿ" ಎಂದು ಸ್ಲೇಟು ತಂದ.

ಮೂಗು, ಗಲ್ಲ, ಬೈತಲೆ ಎಲ್ಲ ಕರಿಯಪ್ಪ ಒಪ್ಪಿದಂತೆಯೇ ಚಕಚಕನೆ ಬಂದವು. ಕಣ್ಣು ಬರೆದ. ಅವೇ ಕಣ್ಣು. ಕರಿಯಪ್ಪ ಹೆಬ್ಬೆರಳು ಅದ್ದಿ ಒರೆಸಿದ. ದೇವೀರಪ್ಪ ಮತ್ತೆ ಬರೆದ. ರೆಪ್ಪೆ ಇಳಿಸಿದ, ಹುಬ್ಬು ಬಾಗಿಸಿದ, ಏನು ಮಾಡಿದರೂ ಒಳಗಿಂದ ಅದೇ ನೋಟ ಹೊರಗೆ ಬಂತು. ಕರಿಯಪ್ಪ ಒರೆಸಿದ. ಮತ್ತೆ ಅವೇ. ಮತ್ತೆ ಒರೆಸಿದ, ಈ ಸಲ ಸ್ಲೇಟು ಕಿರ್ರೆನ್ನುವಷ್ಟು ಜೋರಾಗಿ. ಆಗ ಅವನಿಗೆ ಒಂದು ಕಾಣಿಸಿತು: ತಾನು ಒರೆಸಿದಾಗೆಲ್ಲ ದೇವೀರಪ್ಪ ಸುಟ್ಟ ಗಾಯ ಮುಟ್ಟಿಸಿಕೊಂಡವನ ಹಾಗೆ ಹಿಂದೆ ಸರಿಯುತ್ತಿದ್ದ.

"ಯಾರ್ದು ಈ ಕಣ್ಣು?" ಎಂದ ಕರಿಯಪ್ಪ.

ದೇವೀರಪ್ಪ ಬಳಪ ಇಟ್ಟ.

"ನಮ್ಮವ್ವಂದು. ಅಪ್ಪ ಸತ್ತಾಗ ನಾನು ಸಣ್ಣೋನು. ಅವ್ವ ನನ್ನ ದೊಡ್ಡಪ್ಪನ ಮನೇಲಿ ಬಿಟ್ಟು, ಗೆಂಡೆಹಳ್ಳಿ ಕಡೆ ಒಬ್ರಿಗೆ ಕೂಡಿಕೆ ಆಗಿ ಹೋದ್ಳು. ತಾಳಿ ಕಟ್ಟಿದ ಮದುವೆ ಅಲ್ಲ, ಸುಮ್ನೆ ಕೂಡಿಕೆ. ಹೊಟ್ಟೆಪಾಡು, ಇನ್ನೇನು ಮಾಡ್ತಾಳೆ? ನಮ್ಮನೆ ಹೊಸ್ತಿಲು ಮತ್ತೆ ತುಳಿಯಂಗಿರ್ಲಿಲ್ಲ. ಸಂತೆ ದಿನ ಹಳೇಬೀಡಿಗೆ ಬರೋಳು. ನನ್ನ ಒಂದು ಮೂಲೇಲಿ ಕೂರ್ಸಿ, ಸೆರಗಲ್ಲಿ ಕಟ್ಕಂಡು ಬಂದಿದ್ದನ್ನ ಬಿಚ್ಚಿ ಕೊಡೋಳು. ರೊಟ್ಟಿನೋ, ಕಜ್ಜಾಯಾನೋ. ನಾನು ತಿನ್ನೋದ್ನ ನೋಡ್ತಾ ಕೂರೋಳು. ತಿಂದು ಮುಗೀತಿದ್ದಂಗೆ ಎದ್ದು ಹೋಗೋಳು. ನಾನು ತಿಂಡಿ ನೋಡ್ದೆ, ಅವಳ ಮುಖ ಎಲ್ಲಿ ನೋಡ್ದೆ? ನೋಡ್ತಾವ್ಳೆ ಅನ್ನೋದು ಮಾತ್ರ ಗೊತ್ತಾಗೋದು."

ಕರಿಯಪ್ಪ ನಿಂತೇ ಇದ್ದ. ಬಾಗಿಲ ಕಡೆ ನೋಡಿದ. ಹೊರಗೆ ಯಾವುದೋ ಬಸ್ಸಿನ ಕಂಡಕ್ಟರು ಬೇಲೂರು ಬೇಲೂರು ಎಂದು ಕೂಗುತ್ತಿದ್ದ.

"ಅಲ್ಲೇ ತೀರ್ಕಂಡ್ಳು. ಆ ಮನೆಯೋರು ಅವಳಿಗೆ ಎಡೆ ಇಡಲ್ಲ, ಧಾರೆ ಎರೆಸ್ಕಂಡು ಬಂದೋಳಲ್ಲ ಅಂತ. ನಮ್ಮೋರು ಇಡಲ್ಲ, ಬಿಟ್ಟು ಹೋದೋಳು ಅಂತ. ನಮ್ಮಲ್ಲಿ ಎಡೆ ದೊಡ್ಡಮನೇಲಿ ಒಂದೇ ಕಡೆ. ಅಪ್ಪನ ಪಕ್ಕ ಅವಳಿಗೂ ಒಂದೆಲೆ ಹಾಕಿ ಅಂತ ಕೇಳ್ದೆ. ಅವಳನ್ನ ಕರೆದ್ರೆ ನಮ್ಮ ಹಿರೀಕರು ಎಡೆ ಮುಟ್ಟಲ್ಲ ಅಂದ್ಬಿಟ್ರು. ಹೋಗ್ಲಿ, ಒಂದು ಚಿತ್ರನಾದ್ರೂ ಬರ್ದು ಮನೇಲಿ ಇಟ್ಕಳಾಣ ಅಂತ ಕುಂತ್ರೆ ಬರಲ್ಲ. ಅವಳಿಗೇ ಅಂತ ಕುಂತ್ರೆ ಒಂದು ಗೆರೇನೂ ಏಳಲ್ಲ. ಬೇರೆಯೋರ ಅವ್ವನ್ನ ಬರಿಯಕ್ಕೆ ಕುಂತಾಗ ಬತ್ತಾಳೆ. ಜನ ಮೂಗು ಒರೆಸ್ತಾರೆ, ಗಲ್ಲ ಒರೆಸ್ತಾರೆ. ಈ ಕಣ್ಣ ಇವತ್ತಿನ ಗಂಟ ಯಾರೂ ಒರೆಸಿರ್ಲಿಲ್ಲ. ಎಲ್ರೂ ನಮ್ಮವ್ವನೇ ಅಂತ ಅಳ್ತಾರೆ. ಇನ್ನು ಇವಳು ಇವರ ಪಾಲಾದ್ಳು ಅನ್ಕತೀನಿ. ಮತ್ತೊಬ್ರು ಬಂದು ಕುಂತಾಗ ಮತ್ತೆ ಬತ್ತಾಳೆ."

"ಅಂದ್ರೆ ನಮ್ಮ ನಮ್ಮ ಮನೆ ಎಡೇಲಿ, ನಮಗೇ ಗೊತ್ತಿಲ್ದಂಗೆ, ನಿಮ್ಮವ್ವಂಗೆ ಉಣ್ಣಿಸ್ತಾ ಬಂದಿದ್ದೀರಿ."

"ಮೊದ್ಲು ಹಂಗೇನೂ ಅನ್ಕಂಡಿರ್ಲಿಲ್ಲ. ಆಮೇಲೆ ಅನ್ಕಂಡೆ. ಅಮಾಸೆ ದಿನ ನನ್ನ ಚಿತ್ರ ಇರೋ ಮನೆ ಬೀದೀಲಿ ಹೋಗಿ ನಿಂತಿರ್ತೀನಿ. ಒಳಗೆ ಎಡೆ ಇಟ್ಟು ಕದ ಮುಚ್ತಾರಲ್ಲ, ಆ ಸದ್ದು ಕೇಳಿಸ್ಕಂಡು ಬಂದ್ಬಿಡ್ತೀನಿ."

"ಕಳ್ಳತನ ಅಲ್ವೇನ್ರೀ ಇದು?"

"ಹೌದು" ಎಂದ ದೇವೀರಪ್ಪ.

ಇಲ್ಲ ಅಂದಿದ್ದರೆ ಕರಿಯಪ್ಪ ಜಗಳವಾಡುತ್ತಿದ್ದ. ಹೌದು ಅಂದವನ ಜೊತೆ ಏನು ಮಾಡುವುದು? ಚಿತ್ರವನ್ನು ಅಲ್ಲೇ ಬಿಟ್ಟು ಹೊರಬಿದ್ದ.

ಬಸ್‌ಸ್ಟ್ಯಾಂಡಿನಲ್ಲಿ ಕಲ್ಲುಬೆಂಚಿನ ಮೇಲೆ ಕೂತ, ಎದ್ದ, ಮತ್ತೆ ಕೂತ. ಬೆರಳಿಗೆ ಬಳಪದ ಪುಡಿ ಅಂಟಿತ್ತು. ಪಂಚೆಗೆ ಉಜ್ಜಿದ, ಹೋಗಲಿಲ್ಲ. ಅವನಿಗೆ ಒಲೆಯ ಮುಂದೆ ಕೂತ ಅವ್ವ ನೆನಪಾದಳು. ಎಷ್ಟು ಕಣ್ಣು ಮುಚ್ಚಿ ನೆನೆದರೂ ಅವಳ ನೋಟ ಅವನ ಮೇಲಿರಲಿಲ್ಲ. ಅವಳು ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದಳು. ದಿನವಿಡೀ ಹೊಲದಲ್ಲಿ ಬಗ್ಗಿ ಬಂದವಳಿಗೆ ಹಸಿವೆಂದರೆ ಹಸಿವು. ಪಕ್ಕದಲ್ಲಿ ಕೂತ ಮಗನ ಪರಿವೆಯೂ ಇಲ್ಲದೆ ಉಣ್ಣುತ್ತಿದ್ದಳು. ಅವಳು ಹಾಗೆ ಉಣ್ಣುವುದನ್ನು ನೋಡುತ್ತ ತನಗೆ ಎಂಥ ಸುಖವಾಗುತ್ತಿತ್ತು! ಆ ಕಣ್ಣು ಯಾವತ್ತೂ ಅವಳದಾಗಿರಲಿಲ್ಲ, ಅದು ಈಗ ಅವನಿಗೆ ಖಚಿತವಾಯಿತು. ದುಃಖವಾಯಿತು. ಜೊತೆಗೆ, ತನ್ನ ಹತ್ತಿರ ಇರುವುದು ಆ ಮುದುಕನ ಹತ್ತಿರ ಇಲ್ಲವಲ್ಲ ಎಂದೂ ಅನ್ನಿಸಿತು. ಮೊದಲ ದಿನ ಅವನು ಮೆಲ್ಲಗೆ ಉಣ್ತಿದ್ರಾ, ಬಿರಬಿರನೆ ಉಣ್ತಿದ್ರಾ ಎಂದು ಕೇಳಿದ್ದು ಯಾಕೆಂದು ಈಗ ಹೊಳೆಯಿತು.

ಅರಸೀಕೆರೆ ಬಸ್ಸು ಬಂತು. ಹತ್ತಲಿಲ್ಲ. ಅದು ಹೋದ ಮೇಲೆ ಯಾಕೆ ಹತ್ತಲಿಲ್ಲ ಎಂದು ತನ್ನನ್ನೇ ಬೈದುಕೊಂಡು ಓಣಿಗೆ ವಾಪಸ್ಸಾದ. ದೇವೀರಪ್ಪ ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣಿಲ್ಲದ ಮುಖ ನೋಡುತ್ತ, ಬಿಟ್ಟುಹೋದಂತೆಯೇ ಕೂತಿದ್ದ.

"ನಾಡಿದ್ದು ಅಮಾಸೆ. ಚಿತ್ರ ತಗಂಡು ನೀವೇ ಗಂಡಸಿಗೆ ಬನ್ನಿ" ಎಂದ ಕರಿಯಪ್ಪ ಬಾಗಿಲಲ್ಲೇ ನಿಂತು. "ಬೀದೀಲಿ ನಿಂತ್ಕಳಾಕಲ್ಲ, ಒಳಕ್ಕೆ."

ಮನೆಯಲ್ಲಿ ಇದಕ್ಕೆ ರಂಪವಾಯಿತು. ವೆಂಕಟಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಬೇರೆ ಮನೆ ಹಿರೀಕರ್ನ ನಮ್ಮ ಎಡೆಗೆ ಕರೆಯೋದುಂಟೇನ್ರೀ? ನಮ್ಮತ್ತೆ-ಮಾವ ಮುನಿಸ್ಕಂಡ್ರೆ ಏನ್ ಗತಿ? ಮನೇಲಿ ಮಗು ಐತೆ."

"ಕರೆಯೋದೇನು ಬಂತು? ಆಯಮ್ಮ ಆಗ್ಲೇ ಬಂದು ಒಂದು ತಿಂಗ್ಳು ನಮ್ಮ ಗೋಡೆ ಮೇಲೆ ಕುಂತಿದ್ಲು. ನೀನೇ ತಾನೇ ದಿನಾ ದೀಪ ಹಚ್ಚಿ ಕೈ ಮುಗೀತಿದ್ದೋಳು?"

ವೆಂಕಟಲಕ್ಷ್ಮಮ್ಮ ಮುಖ ಸಡಿಲಿಸದೆ ಒಳಗೆ ಹೋದಳು. ಹಿರಿಯರ ಸಾಲಿನಲ್ಲಿ ಬೇಡ, ಬೇಕಾದರೆ ಪಕ್ಕದ ಗೋಡೆಗೆ ಬೇರೆ ಮಣೆ ಹಾಕಿಕೊಳ್ಳಿ ಎಂದು ಒಳಗಿನಿಂದಲೇ ಕೂಗಿ ಹೇಳಿದಳು.

ಅಮಾವಾಸ್ಯೆಯ ಮಧ್ಯಾಹ್ನ ದೇವೀರಪ್ಪ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಅದೇ ದುಪ್ಪಟಿ ಸುತ್ತಿದ ಚಿತ್ರ. ನೆಂಟರೆಲ್ಲ ಯಾರು ಯಾರು ಎಂದು ಪಿಸುಗುಟ್ಟಿದರು. ಕರಿಯಪ್ಪ ಚಿತ್ರವನ್ನು ತೆಗೆದುಕೊಂಡು ಪಕ್ಕದ ಗೋಡೆಯ ಮಣೆಯ ಮೇಲೆ ಒರಗಿಸಿಟ್ಟ. ಆಮೇಲೆ ಅಪ್ಪನ ಪಕ್ಕದ ಮೊಳೆಗೆ, ಎಲ್ಲರೂ ನೋಡುತ್ತಿದ್ದಂತೆ, ಪ್ರತಿ ವರ್ಷದ ಹಾಗೆ ಹಾರ ಹಾಕಿದ.

"ತಾತಾ, ಮತ್ತೆ ಮೊಳೆಗೆ ಹಾಕ್ದೆ!" ಎಂದಳು ಮೊಮ್ಮಗಳು.

"ಅದು ಮೊಳೆ ಅಲ್ಲ ಕಣವ್ವ. ನಮ್ಮವ್ವ." ಈ ಸಲ ಯಾರೂ ನಗಲಿಲ್ಲ.

ಎಲೆಗಳು ಬಿದ್ದವು. ಕೋಳಿ ಸಾರು, ಮುದ್ದೆ, ಕಜ್ಜಾಯ, ವಡೆ. ತಾತನ ಎಲೆಗೆ ಬೀಡಿ, ಅಪ್ಪನ ಎಲೆಗೆ ಎಲೆಅಡಿಕೆ. ಮೊಳೆಯ ಕೆಳಗಿನ ಎಲೆಗೆ ಕರಿಯಪ್ಪ ತಾನೇ ಹುಚ್ಚೆಳ್ಳು ಚಟ್ನಿ ಬಡಿಸಿದ, ಒಂದು ಹಿಡಿ ಹೆಚ್ಚಾಗಿಯೇ. ಆಮೇಲೆ ಪಕ್ಕದ ಗೋಡೆಯ ಕಡೆ ತಿರುಗಿದ.

"ಹೆಸರು ಹಿಡ್ದು ಕರೀಬೇಕು. ಏನು ಹೆಸ್ರು?"

"ಚಿಕ್ಕತಾಯಮ್ಮ." ಆ ಹೆಸರನ್ನು ಹಾಗೆ ಗಟ್ಟಿಯಾಗಿ ಹೇಳಿ ದೇವೀರಪ್ಪನಿಗೆ ಎಷ್ಟೋ ವರ್ಷವಾಗಿತ್ತು.

"ಏನಿಷ್ಟ ಅವ್ರಿಗೆ? ಅದ್ನೇ ಮೊದ್ಲು ಬಡ್ಸಾಣ."

ದೇವೀರಪ್ಪ ಚಿತ್ರ ನೋಡಿದ, ಎಲೆ ನೋಡಿದ, ಮತ್ತೆ ಚಿತ್ರ ನೋಡಿದ.

"ಗೊತ್ತಿಲ್ಲ" ಎಂದ. "ಅವ್ವ ಉಣ್ಣೋದ್ನ ನಾನು ನೋಡೇ ಇಲ್ಲ."

ಅಷ್ಟು ಹೊತ್ತೂ ಅಡಿಗೆಮನೆಯ ಬಾಗಿಲಲ್ಲಿ ಮುಖ ಗಂಟುಹಾಕಿಕೊಂಡು ನಿಂತಿದ್ದ ವೆಂಕಟಲಕ್ಷ್ಮಮ್ಮ ಗಂಡನ ಕೈಯಿಂದ ಸೌಟು ಕಿತ್ತುಕೊಂಡಳು. "ಸರೀರಿ ಅತ್ತಾಗೆ" ಎಂದು ಮಣೆಯ ಮುಂದೆ ಕೂತು, ಮಾಡಿದ್ದರಲ್ಲಿ ಒಂದನ್ನೂ ಬಿಡದೆ ಬಡಿಸಿದಳು. ಎಲೆ ತುಂಬಿತು. ಪಕ್ಕಕ್ಕೆ ಇನ್ನೊಂದು ಎಲೆ ಹಾಕಿ ಅದನ್ನೂ ತುಂಬಿದಳು. "ಯಾವ್ದು ಬೇಕೋ ಅದ್ನ ಉಣ್ಲಿ ಮಾತಾಯಿ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು.

ಧೂಪ ಹಾಕಿ ಎಲ್ಲರೂ ಹೊರಗೆ ಬಂದರು. ಕರಿಯಪ್ಪ ಕದ ಮುಚ್ಚಿದ. ಹಿರಿಯರು ಉಣ್ಣುವಾಗ ಬದುಕಿದ್ದವರು ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ, ಕದ ತಟ್ಟಿ ಒಳಗೆ ಹೋಗುವುದು ರೂಢಿ. ಜಗಲಿಯ ಮೇಲೆ ನೆಂಟರು ಹಸಿದು ಕೂತರು. ಮಧುಕುಮಾರ್ ಮೊಬೈಲು ತೆಗೆದ. ದೇವೀರಪ್ಪ ಮಾತ್ರ ಕೂರಲಿಲ್ಲ. ಕದದ ಎದುರು ನಿಂತ, ಕಂಬದ ತನಕ ಹೋದ, ಮತ್ತೆ ಬಂದು ಕದದ ಎದುರು ನಿಂತ. ಕದದ ಹಲಗೆಗಳ ನಡುವೆ ಒಂದು ಸಣ್ಣ ಸಂದು ಇತ್ತು. ಅವನು ಅದರ ಕಡೆ ನೋಡುವುದು, ಥಟ್ಟನೆ ಮುಖ ತಿರುಗಿಸುವುದು ಕರಿಯಪ್ಪನ ಕಣ್ಣಿಗೆ ಬಿತ್ತು. ಕರಿಯಪ್ಪ ಎದ್ದು ಹೋಗಿ ಆ ಸಂದಿಗೆ ಬೆನ್ನು ಕೊಟ್ಟು ನಿಂತ. ಹುಟ್ಟಿದಾಗಿನಿಂದ ಒಂದು ಕಡೆ ನಿಲ್ಲದ ಮನುಷ್ಯ ಕದಕ್ಕೆ ಒರಗಿ ಅಲ್ಲಾಡದೆ ನಿಂತುಬಿಟ್ಟ.

ಸ್ವಲ್ಪ ಹೊತ್ತು ಎಂಬುದು ಬಹಳ ಹೊತ್ತಾಯಿತು. ಸಾರಿನ ವಾಸನೆ ಹೊರಗೆ ಬರುತ್ತಿತ್ತು. ಮೊಮ್ಮಗಳು ಹಸಿವು ಎಂದು ರಾಗ ತೆಗೆದಳು. ಸೋದರತ್ತೆ, "ಇನ್ನೂ ಎಷ್ಟೊತ್ಲಾ ಕರಿಯಾ?" ಎಂದಳು. ಕೊನೆಗೆ ವೆಂಕಟಲಕ್ಷ್ಮಮ್ಮನೇ ಎದ್ದು ಬಂದು, "ಸಾಕು ಕಣ್ರೀ, ಎಲ್ಲಾ ಆರೋಯ್ತದೆ, ಕದ ತಟ್ಟಿ" ಎಂದು ಕೈ ಮುಂದೆ ಚಾಚಿದಳು.

ಕರಿಯಪ್ಪ ಅವಳ ಕೈ ಹಿಡಿದುಕೊಂಡ.

"ತಡಿಯೇ" ಎಂದ ಮೆಲ್ಲಗೆ. "ಅವ್ರವ್ವ ಇನ್ನೂ ಉಣ್ತಾವ್ರೆ."